ಗಾನಯೋಗಿ ಪಂಚಾಕ್ಷರಿ ಗವಾಯಿಗಳು – ಜೀವನ ಪರಿಚಯ ಹಾಗೂ ವಿಕಲಚೇತನ ಅರ್ಜಿದಾರರಿಗೆ ಮಾಹಿತಿ

ಪ್ರಸ್ತಾವನೆ

ಹಾವೇರಿ ಜಿಲ್ಲೆಯ ನೆಲದಲ್ಲಿ ಜನಿಸಿ, ಹುಟ್ಟಿನಿಂದಲೇ ದೃಷ್ಟಿಯಿಲ್ಲದಿದ್ದರೂ ಸಂಗೀತ ಲೋಕದಲ್ಲಿ ಉನ್ನತ ಸ್ಥಾನ ಪಡೆದು, ತಮ್ಮಂತೆಯೇ ಇರುವ ನೂರಾರು ಮಕ್ಕಳಿಗೆ ಅನ್ನ, ಆಶ್ರಯ ಹಾಗೂ ವಿದ್ಯೆಯನ್ನು ನೀಡಿದ ಮಹನೀಯರು ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಹಾಗೂ ಜಿಲ್ಲೆಯ ಇತರೆ ತಾಲ್ಲೂಕುಗಳಿಂದ ವಿಕಲಚೇತನರ ಸೌಲಭ್ಯಗಳನ್ನು ಕೋರಿ ಅರ್ಜಿ ಸಲ್ಲಿಸುವ ನಾಗರಿಕರ ಮಾಹಿತಿಗಾಗಿ ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ನರಮಂಡಲಕ್ಕೆ ವಿದ್ಯುನ್ಮಾನ ಸಾಧನವನ್ನು ಜೋಡಿಸಿ ಶ್ರವಣ, ದೃಷ್ಟಿ, ಸ್ಪರ್ಶ ಹಾಗೂ ಚಲನೆಯನ್ನು ಮರಳಿ ಕೊಡುವ ತಂತ್ರಜ್ಞಾನಗಳ ಕುರಿತು ಇಂದು ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಆಗಾಗ್ಗೆ ವರದಿಗಳು ಬರುತ್ತವೆ. ಇವುಗಳನ್ನು ಓದಿದ ಪೋಷಕರಲ್ಲಿ ಸಹಜವಾಗಿಯೇ ಆಸೆ ಮೂಡುತ್ತದೆ. ಈ ಪೈಕಿ ಯಾವುದು ಇಂದು ಲಭ್ಯವಿದೆ, ಯಾವುದು ಇನ್ನೂ ಸಂಶೋಧನೆಯ ಹಂತದಲ್ಲಿದೆ, ಚಿಕಿತ್ಸೆ ಇಲ್ಲದಿದ್ದಾಗ ಮಗುವಿನ ಶಿಕ್ಷಣದ ವಿಷಯದಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆಗಳಿಗೂ ಈ ಪುಟದ ಕೊನೆಯ ಭಾಗದಲ್ಲಿ ಉತ್ತರ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಪಂಚಾಕ್ಷರಿ ಗವಾಯಿಗಳು 1892ರ ಫೆಬ್ರವರಿ 2ರಂದು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ತಂದೆ ಗುರುಪಾದಯ್ಯ ಚರಂತಿಮಠ, ತಾಯಿ ನೀಲಮ್ಮ. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಆಗ ಈ ಪ್ರದೇಶವು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಹಾವೇರಿ ಪ್ರತ್ಯೇಕ ಜಿಲ್ಲೆಯಾಗಿ ರಚನೆಯಾದದ್ದು 1997ರಲ್ಲಿ.

ಗದಿಗೆಯ್ಯನವರಿಗೆ ಹುಟ್ಟಿನಿಂದಲೇ ದೃಷ್ಟಿ ಇರಲಿಲ್ಲ. ಅವರ ಅಣ್ಣ ಗುರುಬಸವಯ್ಯನವರೂ ಹುಟ್ಟು ಅಂಧರಾಗಿದ್ದರು. ಒಂದೇ ಮನೆಯಲ್ಲಿ ಇಬ್ಬರು ಗಂಡುಮಕ್ಕಳು ಕಣ್ಣಿಲ್ಲದೆ ಹುಟ್ಟಿದಾಗ ಆ ಕುಟುಂಬದ ಮುಂದಿದ್ದ ಚಿಂತೆಯನ್ನು ಊಹಿಸಿಕೊಳ್ಳಬಹುದು. ಹೊಲಗೆಲಸ ಮಾಡಲಾಗದ ಮಗುವಿಗೆ ಹಳ್ಳಿಯಲ್ಲಿ ಬೇರೆ ಬದುಕು ಇರಲಿಲ್ಲ. ಊರಿನ ಶಾಲೆಗಳು ಕಣ್ಣಿದ್ದವರಿಗಾಗಿ ಮಾತ್ರ ಇದ್ದವು. ಭಾರತದಲ್ಲಿ ಅಂಧರಿಗಾಗಿ ಮೊದಲ ಶಾಲೆ ಆರಂಭವಾದದ್ದು 1887ರಲ್ಲಿ, ದೂರದ ಅಮೃತಸರದಲ್ಲಿ. ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನು ಫ್ರಾನ್ಸಿನ ಲೂಯಿ ಬ್ರೈಲ್ ಅವರು 1829ರಲ್ಲಿಯೇ ಪ್ರಕಟಿಸಿದ್ದರೂ ಭಾರತೀಯ ಭಾಷೆಗಳಿಗೆಲ್ಲ ಹೊಂದುವ ಏಕರೂಪದ ಭಾರತಿ ಬ್ರೈಲ್ ರೂಪುಗೊಂಡದ್ದು ಸ್ವಾತಂತ್ರ್ಯಾನಂತರ, 1951ರಲ್ಲಿ. ಆದ್ದರಿಂದ ಗದಿಗೆಯ್ಯನವರ ಬಾಲ್ಯದಲ್ಲಿ ಅಕ್ಷರದ ಬಾಗಿಲು ಅವರಿಗೆ ಮುಚ್ಚಿಯೇ ಇತ್ತು.

ಆ ಕಾಲವೂ ಕಷ್ಟದ್ದಾಗಿತ್ತು. 1896-97 ಹಾಗೂ 1899-1900ರ ಬರಗಾಲಗಳು ಮತ್ತು ಅದೇ ಅವಧಿಯಲ್ಲಿ ಹರಡಿದ ಪ್ಲೇಗ್ ರೋಗವು ಧಾರವಾಡ ಸೀಮೆಯ ಹಳ್ಳಿಗಳನ್ನು ಬಹಳವಾಗಿ ಬಾಧಿಸಿದವು. ಇಂತಹ ದಿನಗಳಲ್ಲಿ ಅಂಧ ಮಕ್ಕಳ ಪಾಲಿಗೆ ಉಳಿಯುತ್ತಿದ್ದದ್ದು ಬಹುಪಾಲು ಭಿಕ್ಷೆಯೇ. ಆದರೆ ಹಳ್ಳಿಯ ಬದುಕಿನಲ್ಲಿ ಹಾಡಿಗೆ ಕೊರತೆ ಇರಲಿಲ್ಲ. ಗುಡಿಯ ಭಜನೆ, ಮಠದ ಪುರಾಣ, ಜಾತ್ರೆಯ ಬಯಲಾಟ, ಬೀಸುವ ಕಲ್ಲಿನ ಹಾಡು ಇವೆಲ್ಲವೂ ಕಿವಿಗೆ ಬೀಳುವ ಪಾಠಗಳೇ ಆಗಿದ್ದವು. ಸಹೋದರರಿಬ್ಬರೂ ಕೇಳಿದ್ದನ್ನು ನೆನಪಿನಲ್ಲಿಟ್ಟು ಹಾಡುವುದನ್ನು ಅಭ್ಯಾಸ ಮಾಡಿಕೊಂಡರು. ಅವರ ಕಂಠ ಮತ್ತು ಗ್ರಹಣಶಕ್ತಿ ಜನರ ಗಮನಕ್ಕೆ ಬಂದದ್ದು ಹೀಗೆ.

ಹಾನಗಲ್ ಕುಮಾರ ಸ್ವಾಮಿಗಳ ಆಶ್ರಯ

ಈ ಬಾಲಕರ ಬದುಕಿಗೆ ತಿರುವು ನೀಡಿದವರು ಹಾನಗಲ್ ವಿರಕ್ತಮಠದ ಶ್ರೀ ಕುಮಾರ ಸ್ವಾಮಿಗಳು. ಸ್ವಾಮಿಗಳು ಕೂಡ ಈ ಜಿಲ್ಲೆಯವರೇ. ರಾಣೇಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಜನಿಸಿದ ಅವರು 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಬಾದಾಮಿ ಸಮೀಪ ಮಲಪ್ರಭಾ ನದಿಯ ದಂಡೆಯಲ್ಲಿ ಶಿವಯೋಗ ಮಂದಿರವನ್ನೂ ಸ್ಥಾಪಿಸಿದರು.

ಅಂದಿನ ಸಮಾಜವು ಅಂಧತ್ವವನ್ನು ಪೂರ್ವಜನ್ಮದ ಕರ್ಮಫಲವೆಂದು ಬಗೆದು ಸುಮ್ಮನಾಗುತ್ತಿತ್ತು. ಕುಮಾರ ಸ್ವಾಮಿಗಳು ಹಾಗೆ ಸುಮ್ಮನಾಗಲಿಲ್ಲ. ಬಾಲಕನಲ್ಲಿದ್ದ ಸಂಗೀತದ ಶಕ್ತಿಯನ್ನು ಗುರುತಿಸಿ, ಅವನಿಗೆ ಊಟ ಬಟ್ಟೆ ಕೊಟ್ಟರೆ ಸಾಲದು, ಕ್ರಮಬದ್ಧವಾದ ವಿದ್ಯೆಯನ್ನೂ ಕೊಡಿಸಬೇಕೆಂದು ನಿಶ್ಚಯಿಸಿದರು. ಈ ನಿಶ್ಚಯವೇ ಮುಂದಿನ ಎಲ್ಲ ಕಾರ್ಯಗಳಿಗೆ ಮೂಲವಾಯಿತು. ಕಣ್ಣು ಬರುವವರೆಗೆ ಕಾಯದೆ ಇದ್ದ ಶಕ್ತಿಯನ್ನು ಬೆಳೆಸುವ ಈ ದಾರಿಯನ್ನು ಇಂದಿನ ಪುನರ್ವಸತಿ ತಜ್ಞರೂ ಅನುಸರಿಸುತ್ತಾರೆ.

ಸಂಗೀತ ಶಿಕ್ಷಣ

ಕುಮಾರ ಸ್ವಾಮಿಗಳ ಪ್ರೋತ್ಸಾಹದಿಂದ ಗದಿಗೆಯ್ಯನವರು ಮೈಸೂರಿಗೆ ತೆರಳಿ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದರು. ತರುವಾಯ ಹಿಂದೂಸ್ತಾನಿ ಸಂಗೀತದತ್ತ ಗಮನ ಹರಿಸಿ ಮಿರಜದ ನೀಲಕಂಠಬುವಾ ಅವರಲ್ಲಿಯೂ, ಕಿರಾನಾ ಘರಾಣೆಯ ಹೆಸರಾಂತ ಗಾಯಕರಾದ ಉಸ್ತಾದ್ ಅಬ್ದುಲ್ ವಹೀದ್ ಖಾನ್ ಅವರಲ್ಲಿಯೂ ಶಿಕ್ಷಣ ಪಡೆದರು. ಮಠದ ಶಿಷ್ಯನಿಗೆ ಮುಸ್ಲಿಂ ಉಸ್ತಾದರು ಮನಬಿಚ್ಚಿ ವಿದ್ಯೆ ಧಾರೆ ಎರೆದದ್ದು ಈ ನಾಡಿನ ಸಂಗೀತ ಪರಂಪರೆಯ ಸೌಹಾರ್ದಕ್ಕೆ ಸಾಕ್ಷಿಯಾಗಿದೆ. ಕರ್ನಾಟಕ ಮತ್ತು ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಸಮಾನ ಪ್ರಭುತ್ವ ಸಾಧಿಸಿದ್ದರಿಂದ ಅವರು ಉಭಯ ಗಾಯನಾಚಾರ್ಯರೆಂದು ಹೆಸರಾದರು. ಗಾಯನದ ಜೊತೆಗೆ ತಬಲಾ ಮುಂತಾದ ವಾದ್ಯಗಳಲ್ಲಿಯೂ ಪರಿಣತಿ ಪಡೆದರು. ಪಂಚಾಕ್ಷರಿ ಎಂಬ ಹೆಸರಿನಿಂದಲೇ ಅವರು ನಾಡಿಗೆ ಪರಿಚಿತರಾದರು.

ದೃಷ್ಟಿಯಿಲ್ಲದ ವಿದ್ಯಾರ್ಥಿಗೆ ಶಾಸ್ತ್ರೀಯ ಸಂಗೀತದ ಕಲಿಕೆ ಹೇಗೆ ಸಾಧ್ಯವಾಯಿತು ಎಂಬುದು ಗಮನಾರ್ಹ. ನಮ್ಮ ಸಂಗೀತವು ಮೂಲತಃ ಗುರುಮುಖದಿಂದ ಕಲಿಯುವ ವಿದ್ಯೆ. ಗುರು ಹಾಡಿದ್ದನ್ನು ಶಿಷ್ಯನು ಕೇಳಿ ಹಾಡಬೇಕು. ತಪ್ಪಿದರೆ ಮತ್ತೆ ಹಾಡಬೇಕು. ರಾಗದ ಸ್ವರಸಂಚಾರ, ತಾಳದ ಮಾತ್ರೆಗಳು, ಬಂದಿಶಿನ ಸಾಹಿತ್ಯ ಎಲ್ಲವೂ ಕಂಠಸ್ಥವಾಗಬೇಕು. ಹಾರ್ಮೋನಿಯಂನ ಮನೆಗಳನ್ನೂ ತಬಲಾದ ಪುಡಿಯನ್ನೂ ಬೆರಳಿನ ಸ್ಪರ್ಶದಿಂದಲೇ ಗುರುತಿಸಬಹುದು. ಹೀಗೆ ಕಾಗದ ಮತ್ತು ಅಕ್ಷರದ ಹಂಗಿಲ್ಲದ ವಿದ್ಯೆಯೊಂದು ಅಂಧ ಬಾಲಕನಿಗೆ ಪೂರ್ಣವಾಗಿ ತೆರೆದುಕೊಂಡಿತು.

ಸಂಚಾರಿ ಸಂಗೀತ ಪಾಠಶಾಲೆ

ವಿದ್ಯೆ ಕೈಗೂಡಿದ ಮೇಲೆ ಪಂಚಾಕ್ಷರಿ ಗವಾಯಿಗಳಿಗೆ ಎರಡು ದಾರಿಗಳಿದ್ದವು. ಸಂಸ್ಥಾನಗಳ ದರ್ಬಾರುಗಳಲ್ಲಿಯೂ ನಗರಗಳ ಸಭೆಗಳಲ್ಲಿಯೂ ಹಾಡಿ ಹಣ ಮತ್ತು ಕೀರ್ತಿ ಗಳಿಸುವುದು ಒಂದು ದಾರಿ. ತಮ್ಮಂತೆ ನಿರ್ಗತಿಕರಾಗಿ ಹುಟ್ಟಿದ ಮಕ್ಕಳನ್ನು ಹುಡುಕಿ ಕಲಿಸುವುದು ಇನ್ನೊಂದು ದಾರಿ. ಗುರುಗಳ ಆಶಯದಂತೆ ಅವರು ಎರಡನೆಯದನ್ನು ಆಯ್ಕೆ ಮಾಡಿಕೊಂಡರು. ಸಂಸಾರ ಬಂಧನಕ್ಕೆ ಒಳಗಾಗದೆ ಅಂಧ ಮತ್ತು ಅನಾಥ ಮಕ್ಕಳ ಸೇವೆಗೇ ಜೀವನವನ್ನು ಮುಡಿಪಾಗಿಟ್ಟರು.

1914ರಲ್ಲಿ ಕುಮಾರ ಸ್ವಾಮಿಗಳ ಆಶೀರ್ವಾದದೊಂದಿಗೆ ಅವರ ಸಂಗೀತ ಪಾಠಶಾಲೆ ಆರಂಭವಾಯಿತು. ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಗುರುಗಳು ಹೋದಲ್ಲಿಗೆ ಶಿಷ್ಯರು ಹೋಗುತ್ತಿದ್ದರು. ಅವರು ತಂಗಿದಲ್ಲಿಯೇ ಶಾಲೆ ನಡೆಯುತ್ತಿತ್ತು. ಒಂದು ಊರಿನ ಮಠದಲ್ಲಿ ಕೆಲವು ಕಾಲ, ಇನ್ನೊಂದು ಊರಿನ ಭಕ್ತರ ಮನೆಯಲ್ಲಿ ಕೆಲವು ಕಾಲ ಹೀಗೆ ಬಿಡಾರ ಸಾಗುತ್ತಿತ್ತು. ಆದ್ದರಿಂದ ಇದು ಸಂಚಾರಿ ಪಾಠಶಾಲೆ ಎಂದು ಹೆಸರಾಯಿತು. ಗುರುಗಳು ನಡೆಸುವ ಸಂಗೀತ ಸೇವೆಗೆ ಭಕ್ತರು ನೀಡುವ ಜೋಳ, ಅಕ್ಕಿ, ಬಟ್ಟೆ ಹಾಗೂ ಕಾಣಿಕೆಯೇ ಶಾಲೆಯ ಆದಾಯವಾಗಿತ್ತು.

ಶಾಲೆಗೆ ಶುಲ್ಕವಿರಲಿಲ್ಲ. ಜಾತಿ ಮತಗಳ ವಿಚಾರಣೆ ಇರಲಿಲ್ಲ. ಅಂಧರ ಜೊತೆಗೆ ಇತರೆ ಅಂಗವಿಕಲ ಮಕ್ಕಳೂ, ತಂದೆ ತಾಯಿ ಇಲ್ಲದ ಮಕ್ಕಳೂ, ಸಂಗೀತ ಕಲಿಯುವ ಹಂಬಲವಿದ್ದ ದೃಷ್ಟಿಯುಳ್ಳ ಬಡ ಮಕ್ಕಳೂ ಅಲ್ಲಿ ಒಟ್ಟಿಗೆ ಕಲಿತರು. ಕಣ್ಣಿದ್ದವರು ಕಣ್ಣಿಲ್ಲದವರ ಕೈ ಹಿಡಿದು ನಡೆಸುತ್ತಿದ್ದರು. ಕಣ್ಣಿಲ್ಲದ ಹಿರಿಯ ವಿದ್ಯಾರ್ಥಿಗಳು ಕಣ್ಣಿದ್ದ ಕಿರಿಯರಿಗೆ ಪಾಠ ಹೇಳುತ್ತಿದ್ದರು. ಸಮನ್ವಯ ಶಿಕ್ಷಣ ಎಂಬ ಹೆಸರು ಇನ್ನೂ ಬಳಕೆಗೆ ಬಾರದಿದ್ದ ಕಾಲದಲ್ಲಿಯೇ ಅದು ಈ ಬಿಡಾರಗಳಲ್ಲಿ ನಡೆಯುತ್ತಿತ್ತು.

1930ರಲ್ಲಿ ಕುಮಾರ ಸ್ವಾಮಿಗಳು ಲಿಂಗೈಕ್ಯರಾದರು. ಬಾಲ್ಯದಿಂದ ತಮಗೆ ಆಸರೆಯಾಗಿದ್ದ ಗುರುಗಳನ್ನು ಕಳೆದುಕೊಂಡರೂ ಗವಾಯಿಗಳು ಶಾಲೆಯನ್ನು ನಿಲ್ಲಿಸಲಿಲ್ಲ.

ಗದಗಿನ ವೀರೇಶ್ವರ ಪುಣ್ಯಾಶ್ರಮ

ಮಕ್ಕಳ ಸಂಖ್ಯೆ ಹೆಚ್ಚಿದಂತೆ ಊರಿಂದೂರಿಗೆ ಅವರನ್ನು ಕರೆದೊಯ್ಯುವುದು ಕಷ್ಟವಾಯಿತು. ಶಾಲೆಗೆ ಸ್ಥಿರವಾದ ನೆಲೆಯೊಂದು ಅಗತ್ಯವಾಗಿತ್ತು. ಗದಗಿನ ಬಸರಿಗಿಡದ ವೀರಪ್ಪನವರು ಈ ಕಾರ್ಯಕ್ಕೆ ನೆರವಾಗಿ ಸ್ಥಳವನ್ನು ಒದಗಿಸಿದರು. ದಾನಿಗಳ ಹೆಸರಿನಲ್ಲಿಯೇ ವೀರೇಶ್ವರ ಪುಣ್ಯಾಶ್ರಮ ಎಂದು ಹೆಸರಿಡಲಾಯಿತು. 1942ರಲ್ಲಿ ಶಾಲೆಯು ಗದಗಿನಲ್ಲಿ ನೆಲೆಗೊಂಡಿತು. ಇಪ್ಪತ್ತೆಂಟು ವರ್ಷ ಅಲೆದಾಡಿದ ಪಾಠಶಾಲೆಗೆ ಕೊನೆಗೂ ಒಂದು ಸೂರು ದೊರೆಯಿತು.

ಆಶ್ರಮದಲ್ಲಿ ಗಾಯನ, ಹಾರ್ಮೋನಿಯಂ, ತಬಲಾ, ಪಿಟೀಲು ಮುಂತಾದವುಗಳ ಜೊತೆಗೆ ಪುರಾಣ ಪ್ರವಚನ ಹಾಗೂ ಕೀರ್ತನೆಯ ಶಿಕ್ಷಣವನ್ನೂ ನೀಡಲಾಗುತ್ತಿತ್ತು. ಇದರ ಹಿಂದೆ ವ್ಯಾವಹಾರಿಕ ದೃಷ್ಟಿಯೂ ಇತ್ತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಶ್ರಾವಣ ಮಾಸದ ಪುರಾಣ, ಜಾತ್ರೆಯ ಕೀರ್ತನೆ, ನಾಟಕ ಕಂಪನಿಯ ಹಿಮ್ಮೇಳ ಇವುಗಳಿಗೆ ಗಾಯಕರು ಮತ್ತು ವಾದಕರು ಬೇಕಾಗಿದ್ದರು. ಆಶ್ರಮದಲ್ಲಿ ಕಲಿತ ಅಂಧ ಯುವಕನು ಊರಿಗೆ ಮರಳಿದರೆ ಪುರಾಣದ ಗವಾಯಿಯಾಗಿ ಗೌರವದ ಸ್ಥಾನದಲ್ಲಿ ಕುಳಿತುಕೊಳ್ಳುತ್ತಿದ್ದನು. ಭಿಕ್ಷಾಪಾತ್ರೆ ಹಿಡಿಯಬೇಕಾಗಿದ್ದ ಕೈಗೆ ಹಾರ್ಮೋನಿಯಂ ಬಂದಿತು. ಇಂದಿನ ಭಾಷೆಯಲ್ಲಿ ಇದನ್ನು ವೃತ್ತಿ ಆಧಾರಿತ ಪುನರ್ವಸತಿ ಎನ್ನಬಹುದು.

ಆದರೆ ಈ ನೆಲೆಯಲ್ಲಿ ಗವಾಯಿಗಳಿಗೆ ದೊರೆತ ಕಾಲ ಬಹಳ ಕಡಿಮೆ. 1944ರ ಜೂನ್ 11ರಂದು ತಮ್ಮ 52ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು.

ಶಿಷ್ಯ ಪರಂಪರೆ

ಪಂಚಾಕ್ಷರಿ ಗವಾಯಿಗಳ ಶಿಷ್ಯರಲ್ಲಿ ಪಂಡಿತ ಬಸವರಾಜ ರಾಜಗುರು ಅವರು ಅಗ್ರಗಣ್ಯರು. 1936ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಹಂಪಿಯಲ್ಲಿ ನಡೆದಾಗ ಯುವಕ ಬಸವರಾಜರು ಮೊದಲ ಬಾರಿಗೆ ದೊಡ್ಡ ಸಭೆಯಲ್ಲಿ ಹಾಡಿದರು. ಅಂದು ಸ್ವತಃ ಗುರುಗಳೇ ಶಿಷ್ಯನಿಗೆ ತಬಲಾ ಸಾಥ್ ನೀಡಿದರು. ಗುರುವು ಹಿಂದೆ ಕುಳಿತು ಶಿಷ್ಯನನ್ನು ಮುಂದೆ ಮಾಡಿದ ಈ ಘಟನೆಯು ಗವಾಯಿಗಳ ಸ್ವಭಾವವನ್ನು ತಿಳಿಸುತ್ತದೆ. ಮೃತ್ಯುಂಜಯಬುವಾ ಪುರಾಣಿಕಮಠ ಹಾಗೂ ಅರ್ಜುನಸಾ ನಾಕೋಡ ಅವರೂ ಈ ಗುರುಕುಲದಿಂದ ಬಂದ ಹೆಸರಾಂತ ಕಲಾವಿದರು.

ಗವಾಯಿಗಳ ನಂತರ ಆಶ್ರಮದ ಹೊಣೆ ಹೊತ್ತವರು ಪಂಡಿತ ಪುಟ್ಟರಾಜ ಗವಾಯಿಗಳು. ಅವರೂ ಹಾನಗಲ್ ತಾಲ್ಲೂಕಿನವರೇ. ಸಂಚಾರಿ ಪಾಠಶಾಲೆ ಆರಂಭವಾದ 1914ರಲ್ಲಿಯೇ, ಮಾರ್ಚ್ 3ರಂದು, ದೇವಗಿರಿಯಲ್ಲಿ ಜನಿಸಿದ ಅವರು ಹಸುಗೂಸಾಗಿದ್ದಾಗಲೇ ದೃಷ್ಟಿಯನ್ನೂ, ಸ್ವಲ್ಪ ಕಾಲದಲ್ಲಿಯೇ ತಂದೆ ತಾಯಿಯರನ್ನೂ ಕಳೆದುಕೊಂಡರು. ಸೋದರಮಾವನ ಆಶ್ರಯದಲ್ಲಿ ಬೆಳೆದ ಬಾಲಕನು ಪಂಚಾಕ್ಷರಿ ಗವಾಯಿಗಳ ಬಳಿಗೆ ಬಂದು ಸೇರಿದನು. ಮುಂದೆ ಅವರು ಕನ್ನಡ, ಸಂಸ್ಕೃತ ಮತ್ತು ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ತಂದರು. ನಾಟಕಗಳನ್ನು ಬರೆದು ಆಶ್ರಮದ ನಾಟಕ ಸಂಘದ ಮೂಲಕ ಆಡಿಸಿ, ಬಂದ ಹಣವನ್ನು ಮಕ್ಕಳ ಅನ್ನ ವಿದ್ಯೆಗಳಿಗೆ ವಿನಿಯೋಗಿಸಿದರು. 2010ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿ ನೀಡಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು. ಅವರ ಬಳಿ ಕಲಿತ ಪಂಡಿತ ಎಂ. ವೆಂಕಟೇಶ ಕುಮಾರ್ ಅವರಿಗೆ 2016ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ಪಂಚಾಕ್ಷರಿ ಗವಾಯಿಗಳ ಜೀವನವನ್ನು ಆಧರಿಸಿದ ಕನ್ನಡ ಚಲನಚಿತ್ರವು 1995ರಲ್ಲಿ ತೆರೆಕಂಡಿತು. ಅದರ ಸಂಗೀತಕ್ಕಾಗಿ ಹಂಸಲೇಖ ಅವರಿಗೂ, ಗಾಯನಕ್ಕಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರೀಯ ಪ್ರಶಸ್ತಿಗಳು ಲಭಿಸಿದವು.

ಅಂಧರ ಮಿದುಳು: ವಿಜ್ಞಾನದ ವಿವರಣೆ

ಅಂಧರಿಗೆ ದೈವವು ವಿಶೇಷ ಕಿವಿಯನ್ನು ಕೊಟ್ಟಿರುತ್ತದೆ ಎಂಬ ನಂಬಿಕೆ ಜನರಲ್ಲಿದೆ. ಇದರಲ್ಲಿ ವಿಜ್ಞಾನವು ಒಪ್ಪುವ ಅಂಶವೊಂದಿದೆ. ಮಿದುಳಿನ ಹಿಂಭಾಗದಲ್ಲಿ ದೃಷ್ಟಿಗೆ ಸಂಬಂಧಿಸಿದ ಪ್ರದೇಶವಿರುತ್ತದೆ. ಹುಟ್ಟಿನಿಂದ ಅಥವಾ ಎಳವೆಯಿಂದ ಕಣ್ಣಿನ ಸಂಕೇತಗಳು ಬಾರದಿದ್ದಲ್ಲಿ ಈ ಪ್ರದೇಶವು ನಿಷ್ಕ್ರಿಯವಾಗಿ ಉಳಿಯುವುದಿಲ್ಲ. ಸ್ಪರ್ಶ, ಶ್ರವಣ ಮತ್ತು ಭಾಷೆಯ ಕೆಲಸಗಳಲ್ಲಿ ತೊಡಗುತ್ತದೆ. ಅಂಧರು ಬ್ರೈಲ್ ಓದುವಾಗ ಇದೇ ಪ್ರದೇಶವು ಚುರುಕಾಗುತ್ತದೆಂದು 1996ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಆದರೆ ಈ ಬದಲಾವಣೆಯು ಅಭ್ಯಾಸವಿಲ್ಲದೆ ಫಲ ಕೊಡುವುದಿಲ್ಲ. ಗವಾಯಿಗಳ ಸಾಧನೆಯ ಹಿಂದೆ ವರ್ಷಗಳ ಕಠಿಣ ಸಾಧನೆಯೂ, ಅದಕ್ಕೆ ಅವಕಾಶ ಮಾಡಿಕೊಟ್ಟ ಗುರುಗಳೂ ಇದ್ದರು.

ಒಂದು ಇಂದ್ರಿಯದ ಕೆಲಸವನ್ನು ಇನ್ನೊಂದರ ಮೂಲಕ ಮಾಡಿಸುವ ಪ್ರಯತ್ನವೂ ನಡೆದಿದೆ. 1969ರಲ್ಲಿ ಅಮೆರಿಕದ ವೈದ್ಯ ಪಾಲ್ ಬಾಕ್-ಇ-ರೀಟಾ ಮತ್ತು ಸಂಗಡಿಗರು ಕ್ಯಾಮೆರಾದ ಚಿತ್ರವನ್ನು ಕುರ್ಚಿಯ ಹಿಂಬದಿಯಲ್ಲಿ ಅಳವಡಿಸಿದ 400 ಕಂಪನ ಬಿಂದುಗಳ ಮೂಲಕ ಅಂಧರ ಬೆನ್ನಿಗೆ ತಲುಪಿಸಿದರು. ಅಭ್ಯಾಸದ ನಂತರ ಅವರು ಎದುರಿನ ವಸ್ತುಗಳನ್ನು ಗುರುತಿಸಬಲ್ಲವರಾದರು.

ನರ ತಂತ್ರಜ್ಞಾನಗಳ ಇಂದಿನ ಸ್ಥಿತಿ

ಅ) ಶ್ರವಣ: ನರಕ್ಕೆ ನೇರವಾಗಿ ಸಂಕೇತ ನೀಡುವ ಸಾಧನಗಳಲ್ಲಿ ಹೆಚ್ಚು ಯಶಸ್ವಿಯಾದದ್ದು ಕಾಕ್ಲಿಯರ್ ಇಂಪ್ಲಾಂಟ್. ಕಿವಿಯ ಹಿಂದೆ ಧರಿಸುವ ಸಾಧನವು ಶಬ್ದವನ್ನು ಗ್ರಹಿಸಿ ಸಂಕೇತವಾಗಿ ಪರಿವರ್ತಿಸುತ್ತದೆ. ಚರ್ಮದ ಕೆಳಗೆ ಅಳವಡಿಸಿದ ಭಾಗವು ಅದನ್ನು ಸ್ವೀಕರಿಸಿ, ಒಳಕಿವಿಯ ಶಂಖಾಕಾರದ ನಾಳದಲ್ಲಿ ಇರಿಸಿದ ಸೂಕ್ಷ್ಮ ತಂತಿಯ ಮೂಲಕ ಶ್ರವಣ ನರವನ್ನು ಪ್ರಚೋದಿಸುತ್ತದೆ. 1957ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಮೊದಲ ಪ್ರಯೋಗದಿಂದ ಬೆಳೆದ ಈ ಸಾಧನವನ್ನು ಜಗತ್ತಿನಾದ್ಯಂತ ಹತ್ತು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಅಳವಡಿಸಲಾಗಿದೆ. ಹುಟ್ಟು ಕಿವುಡಿರುವ ಮಕ್ಕಳಿಗೆ ಇದನ್ನು ಎಷ್ಟು ಬೇಗ ಅಳವಡಿಸಿದರೆ ಅಷ್ಟು ಒಳಿತು. ಎಳೆಯ ವಯಸ್ಸು ದಾಟಿದ ಮೇಲೆ ಮಿದುಳಿನ ಶ್ರವಣ ಭಾಗವು ಮಾತನ್ನು ಕಲಿಯುವ ಸಾಮರ್ಥ್ಯವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯ ನಂತರ ದೀರ್ಘಕಾಲ ವಾಕ್ ಶ್ರವಣ ತರಬೇತಿ ಕಡ್ಡಾಯವಾಗಿ ಬೇಕಾಗುತ್ತದೆ. ಶ್ರವಣ ನರವೇ ಇಲ್ಲದವರಿಗೆ ಈ ಸಾಧನವು ಉಪಯೋಗಕ್ಕೆ ಬರುವುದಿಲ್ಲ.

ಆ) ದೃಷ್ಟಿ: ಅಕ್ಷಿಪಟಲದ ಮೇಲೆ ಅಳವಡಿಸುವ 60 ವಿದ್ಯುದ್ವಾರಗಳ ಆರ್ಗಸ್-2 ಎಂಬ ಸಾಧನಕ್ಕೆ 2011ರಲ್ಲಿ ಯುರೋಪಿನಲ್ಲಿ ಹಾಗೂ 2013ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಕೊಡುತ್ತಿದ್ದದ್ದು ಬೆಳಕಿನ ಚುಕ್ಕೆಗಳ ಮಸುಕಾದ ನೋಟವನ್ನು ಮಾತ್ರ. 2019ರಲ್ಲಿ ತಯಾರಿಕೆ ನಿಂತುಹೋದಾಗ ಅಳವಡಿಸಿಕೊಂಡವರಿಗೆ ದುರಸ್ತಿಯ ವ್ಯವಸ್ಥೆಯೂ ಇಲ್ಲದಂತಾಯಿತು. ಇಳಿವಯಸ್ಸಿನಲ್ಲಿ ಅಕ್ಷಿಪಟಲದ ಮಧ್ಯಭಾಗ ಸವೆದು ದೃಷ್ಟಿ ಕಳೆದುಕೊಂಡವರಲ್ಲಿ ಹೊಸ ಸಾಧನವೊಂದರ ಪರೀಕ್ಷೆಯ ಆಶಾದಾಯಕ ಫಲಿತಾಂಶಗಳು 2025ರಲ್ಲಿ ಪ್ರಕಟವಾಗಿವೆ. ಈ ಅಕ್ಷಿಪಟಲ ಸಾಧನಗಳು ಮೊದಲು ಕಣ್ಣು ಕಂಡು ನಂತರ ದೃಷ್ಟಿ ಕಳೆದುಕೊಂಡವರಿಗಾಗಿ ರೂಪಿತವಾದವು. ಪಂಚಾಕ್ಷರಿ ಗವಾಯಿಗಳಂತೆ ಹುಟ್ಟಿನಿಂದಲೇ ದೃಷ್ಟಿಯಿಲ್ಲದವರ ಮಿದುಳು ನೋಡುವುದನ್ನು ಕಲಿತಿರುವುದಿಲ್ಲವಾದ್ದರಿಂದ ಅವರಿಗೆ ಇವು ಇಂದಿಗೂ ಪರಿಹಾರವಲ್ಲ. ಆದರೆ ಹುಟ್ಟಿನಿಂದ ಬರುವ ಕಣ್ಣಿನ ಪೊರೆಯು ಇದಕ್ಕಿಂತ ಭಿನ್ನ. ಅದನ್ನು ಬೇಗ ಗುರುತಿಸಿ ಶಸ್ತ್ರಚಿಕಿತ್ಸೆ ಮಾಡಿಸಿದರೆ ದೃಷ್ಟಿ ಉಳಿಯಬಹುದು.

ಇ) ಚಲನೆ ಮತ್ತು ಸ್ಪರ್ಶ: ಪಾರ್ಶ್ವವಾಯುವಿನಿಂದ ಪಾದ ಎತ್ತಲಾಗದವರಿಗೆ ವಿದ್ಯುತ್ ಪ್ರಚೋದನೆ ನೀಡಿ ನಡೆಯಲು ನೆರವಾಗುವ ವಿಧಾನವು 1961ರಿಂದ ಬಳಕೆಯಲ್ಲಿದೆ. 2004ರಲ್ಲಿ ಅಮೆರಿಕದಲ್ಲಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ವ್ಯಕ್ತಿಯೊಬ್ಬರು ಮಿದುಳಿನಲ್ಲಿ ಅಳವಡಿಸಿದ ಸಾಧನದ ಮೂಲಕ ಗಣಕಯಂತ್ರವನ್ನು ನಿಯಂತ್ರಿಸಿದರು. 2016ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಯಾಂತ್ರಿಕ ಕೈಯ ಸ್ಪರ್ಶವನ್ನು ಮಿದುಳಿಗೆ ತಲುಪಿಸಲಾಯಿತು. 2018ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೆನ್ನುಹುರಿಗೆ ಪೆಟ್ಟಾಗಿದ್ದ ಮೂವರು ಬೆನ್ನುಹುರಿಯ ವಿದ್ಯುತ್ ಪ್ರಚೋದನೆ ಮತ್ತು ತರಬೇತಿಯಿಂದ ಆಸರೆ ಹಿಡಿದು ನಡೆದರು. ಮಿದುಳಿನ ಮತ್ತು ಬೆನ್ನುಹುರಿಯ ಈ ವಿಧಾನಗಳು ಆಯ್ದ ಕೆಲವರ ಮೇಲಿನ ಪ್ರಯೋಗಗಳಾಗಿದ್ದು, ಸಾಮಾನ್ಯ ಆಸ್ಪತ್ರೆಗಳ ಚಿಕಿತ್ಸೆಯಾಗಿ ಬಳಕೆಗೆ ಬಂದಿಲ್ಲ.

ಆದಕಾರಣ ನಿಶ್ಚಿತವಾಗಿ ಕಣ್ಣು ಬರಿಸುತ್ತೇವೆ ಅಥವಾ ನಡೆಯುವಂತೆ ಮಾಡುತ್ತೇವೆ ಎಂದು ಭರವಸೆ ನೀಡಿ ಮುಂಗಡ ಹಣ ಕೇಳುವವರನ್ನು ನಂಬಿ ಹೊಲ ಮನೆ ಮಾರಿಕೊಳ್ಳಬಾರದೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ. ಯಾವುದೇ ನಿರ್ಧಾರಕ್ಕೆ ಮುನ್ನ ಸರ್ಕಾರಿ ಆಸ್ಪತ್ರೆಯ ತಜ್ಞ ವೈದ್ಯರ ಅಭಿಪ್ರಾಯ ಪಡೆಯುವುದು ಸೂಕ್ತ.

ಅರ್ಜಿದಾರರ ಗಮನಕ್ಕೆ

1. ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್, ಸೌಲಭ್ಯಗಳನ್ನು ಪಡೆಯಲು ಮೂಲ ದಾಖಲೆಯಾಗಿರುತ್ತದೆ. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿದ ನಂತರ ನಿಗದಿತ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯಕೀಯ ತಪಾಸಣೆಗೆ ಹಾಜರಾಗತಕ್ಕದ್ದು.

2. ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರಲ್ಲಿ 21 ಬಗೆಯ ವೈಕಲ್ಯಗಳನ್ನು ಗುರುತಿಸಲಾಗಿದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದೊಳಗಿನ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ರಷ್ಟು ಸ್ಥಾನಗಳನ್ನೂ, ಸರ್ಕಾರಿ ನೇಮಕಾತಿಯಲ್ಲಿ ಶೇಕಡಾ 4ರಷ್ಟು ಹುದ್ದೆಗಳನ್ನೂ ಕಾಯ್ದಿರಿಸಲು ಅವಕಾಶ ಕಲ್ಪಿಸಲಾಗಿದೆ.

3. ಮಗು ಶಬ್ದಕ್ಕೆ ತಿರುಗದಿದ್ದಲ್ಲಿ, ಬೆಳಕನ್ನು ಅನುಸರಿಸದಿದ್ದಲ್ಲಿ ಅಥವಾ ಕತ್ತು ನಿಲ್ಲುವುದು ತಡವಾದಲ್ಲಿ ದೊಡ್ಡದಾದ ಮೇಲೆ ಸರಿಹೋಗುತ್ತದೆ ಎಂದು ಕಾಯದೆ ಕೂಡಲೇ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯರಿಗೆ ತಿಳಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ.

4. ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಡಿ ಅರ್ಹ ಕುಟುಂಬಗಳ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಕೆಗೆ ನೆರವು ದೊರೆಯುತ್ತದೆ. ವಯೋಮಿತಿ ಹಾಗೂ ಆದಾಯ ಮಿತಿ ಅನ್ವಯಿಸುವುದರಿಂದ ವಿಳಂಬ ಮಾಡಬಾರದು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ ಮತ್ತು ತರಬೇತಿಯ ಸೌಲಭ್ಯವಿದೆ.

5. ಅರ್ಜಿ ಭರ್ತಿ ಮಾಡಲು ನೆರವು ಬೇಕಾದವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಸಂಪರ್ಕಿಸಬಹುದು.

ಮುಕ್ತಾಯ

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಹುಬ್ಬಳ್ಳಿ–ಹರಿಹರ ರೈಲು ಮಾರ್ಗದ ನಿಲ್ದಾಣಗಳು. ಇಲ್ಲಿಂದ ಹುಬ್ಬಳ್ಳಿಗೆ ಹೋಗಿ, ಗದಗಿನ ಗಾಡಿ ಹಿಡಿದರೆ ಪುಣ್ಯಾಶ್ರಮದ ಊರನ್ನು ತಲುಪಬಹುದು. ಗವಾಯಿಗಳ ಕಾಲದಲ್ಲಿ ಅಂಧ ಮಗುವಿಗೆ ಗುರುತಿನ ಚೀಟಿ ಇರಲಿಲ್ಲ, ಕಾನೂನಿನ ರಕ್ಷಣೆ ಇರಲಿಲ್ಲ, ಮಾತನಾಡುವ ಗಣಕಯಂತ್ರವೂ ಇರಲಿಲ್ಲ. ಅವನಲ್ಲಿ ಶಕ್ತಿಯಿದೆಯೆಂದು ನಂಬಿದ ಒಬ್ಬ ಗುರುಗಳಿದ್ದರು. ಅಷ್ಟರಿಂದಲೇ ಕಾಡಶೆಟ್ಟಿಹಳ್ಳಿಯ ಗದಿಗೆಯ್ಯನವರು ನಾಡಿನ ಗಾನಯೋಗಿಯಾದರು.

ಚಿಕಿತ್ಸೆ ಸಾಧ್ಯವಿರುವಲ್ಲಿ ತಡಮಾಡದೆ ಚಿಕಿತ್ಸೆ ಕೊಡಿಸುವುದು, ಸಾಧ್ಯವಿಲ್ಲದಿರುವಲ್ಲಿ ಅದಕ್ಕಾಗಿ ಕಾಯುತ್ತ ಮಗುವಿನ ಶಿಕ್ಷಣವನ್ನು ನಿಲ್ಲಿಸದಿರುವುದು ಪ್ರತಿಯೊಬ್ಬ ಪೋಷಕರ ಕರ್ತವ್ಯ. ಮನೆಯಲ್ಲಿಯೇ ಉಳಿದಿರುವ ವಿಕಲಚೇತನ ಮಗು ತಮ್ಮ ಊರಿನಲ್ಲಿ ಕಂಡುಬಂದಲ್ಲಿ ಆ ಕುಟುಂಬಕ್ಕೆ ಈ ಮಾಹಿತಿಯನ್ನು ಓದಿ ಹೇಳಿ, ಅರ್ಜಿ ಸಲ್ಲಿಸಲು ನೆರವಾಗಬೇಕೆಂದು ಸಮಸ್ತ ನಾಗರಿಕರಲ್ಲಿ ವಿನಂತಿಸಲಾಗಿದೆ.